ಮಡಿವಾಳೆಪ್ಪನ ಸಪ್ಪಳವಿಲ್ಲದ ಗಿಟಾರು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಈಗಿನವರಿಗೆ ಮಡಿವಾಳೆಪ್ಪ ಎಂದರೆ ಮೋಟರ್ ಕಟ್ಟುವ ಮಡಿವಾಳೆಪ್ಪ. ಸುಟ್ಟುಹೋದ ಪಂಪಿನ ಮೋಟರನ್ನು ಬಿಚ್ಚಿ, ಒಳಗಿನ ಕರಕಲು ಸುರುಳಿಯನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಅವನ ಅಂಗಡಿಯ ಮುಂದೆ ಹಾದರೆ ವಾರ್ನಿಶ್ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ನಮ್ಮ ವಯಸ್ಸಿನವರಿಗೆ ಅವನು ಮಲಪ್ರಭಾ ಮೆಲೋಡಿ ಆರ್ಕೆಸ್ಟ್ರಾದ ಗಿಟಾರಿನವನು. ಅದೇ ಆರ್ಕೆಸ್ಟ್ರಾದಲ್ಲಿ ಬೊಂಗೋ ಬಾರಿಸುತ್ತಿದ್ದವನು ನಾನು, ಕಾಡಪ್ಪ. ಈಗ ಬಜಾರದಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿದ್ದೇನೆ.

ಮಡಿವಾಳೆಪ್ಪ ಸಂಗೊಳ್ಳಿಯವನು. ಹೊಳೆಯ ದಂಡೆಯ ಕಪ್ಪು ಎರಿ ಮಣ್ಣಿನ ಹೊಲ, ಜೋಳ, ಹತ್ತಿ, ಎರಡು ಜೋಡಿ ಎತ್ತು ಇದ್ದ ಮನೆತನ. ಐಟಿಐ ಓದಲು ಬೆಳಗಾವಿಗೆ ಹೋದಾಗ ದಂಡಿನವರಿರುವ ಕ್ಯಾಂಪಿನಲ್ಲಿ ಒಂದು ಖೋಲಿ ಹಿಡಿದಿದ್ದ. ಆ ಮನೆಯ ಮಾಲಕ ಮಿಲಿಟರಿ ಬ್ಯಾಂಡಿನಿಂದ ನಿವೃತ್ತನಾದ ಮುದುಕ. ಸಂಜೆಯಾದರೆ ವರಾಂಡದಲ್ಲಿ ಕೂತು ಗಿಟಾರು ಬಾರಿಸುತ್ತಿದ್ದನಂತೆ. ಮಡಿವಾಳೆಪ್ಪ ಮೊದಮೊದಲು ಬಾಗಿಲ ಸಂದಿಯಿಂದ ಕೇಳಿದ, ಆಮೇಲೆ ಮೆಟ್ಟಿಲ ಮೇಲೆ ಕೂತು ಕೇಳಿದ, ಕೊನೆಗೆ ಮುದುಕನೇ ಕರೆದು ಅವನ ಕೈಗೆ ಗಿಟಾರು ಕೊಟ್ಟ. ಓದು ಮುಗಿಸಿ ಊರಿಗೆ ಬರುವಾಗ ಅವನ ಹೆಗಲಲ್ಲಿ ಒಂದು ಹಳೆಯ ಕೆಂಪು ಎಲೆಕ್ಟ್ರಿಕ್ ಗಿಟಾರು ಇತ್ತು. ಅವರಪ್ಪ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ಒಳಗೆ ಪೊಳ್ಳೇ ಇಲ್ಲದ ಈ ಹಲಗೆಯಿಂದ ಸಪ್ಪಳ ಹೇಗೆ ಬರುತ್ತದೆ ಎಂದು ಕೇಳಿದನಂತೆ. ಕರೆಂಟಿನಿಂದ ಎಂದು ಇವನು ಹೇಳಿದ. ಆಗ ಸಂಗೊಳ್ಳಿಯಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಅವರಪ್ಪ ನಕ್ಕುಬಿಟ್ಟ.

ನಮ್ಮ ಆರ್ಕೆಸ್ಟ್ರಾ ಹುಟ್ಟಿದ್ದು ಹೀಗೇ, ಚಹಾ ಕುಡಿಯುತ್ತ ಕೂತಲ್ಲಿ. ಹಾಡುವವನು ಸವದತ್ತಿಯ ಲಕ್ಷ್ಮಣ. ಅವನದು ಎಂಥ ಕಂಠ ಎಂದರೆ, ಮೈಕು ಕೈಕೊಟ್ಟರೂ ಹಿಂದಿನ ಸಾಲಿನವರು ಎದ್ದು ಹೋಗುತ್ತಿರಲಿಲ್ಲ. ಕಿತ್ತೂರಿನಲ್ಲಿ ಗಣಪತಿ ಮಂಟಪ, ರಾಮದುರ್ಗದಲ್ಲಿ ಮದುವೆ, ನಡುವೆ ಯಾವುದೋ ಹಳ್ಳಿಯಲ್ಲಿ ಯುವಕ ಸಂಘದ ಉದ್ಘಾಟನೆ. ಒಂದು ಮಟಾಡೋರ್ ಗಾಡಿ. ಅದರಲ್ಲಿ ಪೆಟ್ಟಿಗೆಗಳ ಮೇಲೆ ನಾವು, ನಮ್ಮ ತೊಡೆಯ ಮೇಲೆ ವಾದ್ಯಗಳು. ಹಿಂದಿನ ಬಾಗಿಲು ತೆರೆದಿಟ್ಟರೆ ಧೂಳು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ನಾವು ಧೂಳನ್ನೇ ಆರಿಸಿಕೊಳ್ಳುತ್ತಿದ್ದೆವು. ಎಲ್ಲರೂ ಹೊಳೆಯುವ ಅಂಗಿ ತೊಟ್ಟು ಮುಂದೆ ಬರಲು ಹಾತೊರೆಯುತ್ತಿದ್ದರೆ, ಮಡಿವಾಳೆಪ್ಪ ಮಾತ್ರ ಹಿಂದಿನ ಪರದೆಗೆ ಒತ್ತಿ ನಿಲ್ಲುತ್ತಿದ್ದ. ಜನ ಅವನ ಮುಖ ನೋಡುತ್ತಿರಲಿಲ್ಲ, ಅವನೂ ಜನರ ಮುಖ ನೋಡುತ್ತಿರಲಿಲ್ಲ. ಆದರೆ ಹಾಡಿನ ಎರಡು ಚರಣಗಳ ನಡುವೆ ಅವನ ಗಿಟಾರು ತಾನೊಂದೇ ಮಾತಾಡುವ ಹೊತ್ತು ಬಂದರೆ, ಲಕ್ಷ್ಮಣ ಕೂಡ ಮೈಕು ಬಿಟ್ಟು ಅತ್ತ ತಿರುಗುತ್ತಿದ್ದ.

ಮಹಾನಂದಾ ಮಡಿವಾಳೆಪ್ಪನ ಹೆಂಡತಿ. ಅವಳ ತವರು ಸಿರಸಂಗಿ. ಮದುವೆ ಹಿರಿಯರು ನೋಡಿ ಮಾಡಿದ್ದು. ಮಡಿವಾಳೆಪ್ಪ ಸಂಗೊಳ್ಳಿಯ ಹೊಲವನ್ನು ತಮ್ಮನಿಗೆ ನೋಡಿಕೊಳ್ಳಲು ಬಿಟ್ಟು ಬೈಲಹೊಂಗಲದಲ್ಲಿ ಮೋಟರ್ ಅಂಗಡಿ ತೆರೆದ. ಮಗಳು ರಾಜೇಶ್ವರಿ ಹುಟ್ಟಿದಳು. ಕಾಲ ಬದಲಾಯಿತು. ಮದುವೆಗಳಿಗೆ ಡಿಜೆ ಬಂತು. ಒಂದು ಕೀಬೋರ್ಡಿನಲ್ಲೇ ಗಿಟಾರು, ಕೊಳಲು, ಬೊಂಗೋ ಎಲ್ಲವೂ ಸಿಗತೊಡಗಿದ ಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾದರು. ಯಾರೂ ಜಗಳ ಮಾಡಲಿಲ್ಲ, ಯಾರೂ ಆರ್ಕೆಸ್ಟ್ರಾ ಮುಚ್ಚಿದೆವು ಎಂದು ಹೇಳಲಿಲ್ಲ. ಒಂದು ವರ್ಷ ಗಣಪತಿ ಹಬ್ಬ ಬಂದು ಹೋದ ಮೇಲೆ, ಈ ಸಲ ನಾವು ಎಲ್ಲಿಯೂ ಹೋಗಲೇ ಇಲ್ಲ ಎನ್ನುವುದು ನೆನಪಾಯಿತು, ಅಷ್ಟೆ.

ಮಡಿವಾಳೆಪ್ಪ ಮಾತ್ರ ಬಾರಿಸುವುದನ್ನು ಬಿಡಲಿಲ್ಲ. ಸಂಜೆ ಕೈ ತೊಳೆದು, ಮನೆಯ ಮುಂದಿನ ಕಟ್ಟೆಯ ಮೇಲೆ ಆಂಪ್ಲಿಫೈಯರ್ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಓಣಿಯವರು ತಮ್ಮ ತಮ್ಮ ಕಟ್ಟೆಗೆ ಬರುತ್ತಿದ್ದರು. ಹಾಲು ಹಾಕಲು ಬಂದವನು ಸೈಕಲ್ಲಿನ ಮೇಲೆ ಒಂದು ಕಾಲಿಟ್ಟು ಹಾಗೇ ನಿಲ್ಲುತ್ತಿದ್ದ. ಮಹಾನಂದಾ ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅವಳ ಅಂಗೈ ಸಪ್ಪಳ ಎಷ್ಟೋ ಸಲ ಹಾಡಿನ ತಾಳಕ್ಕೆ ಕೂಡಿಬಿಡುತ್ತಿತ್ತು, ನಾನೇ ಕೇಳಿದ್ದೇನೆ.

ಕೆಲವು ವರ್ಷಗಳ ಕೆಳಗೆ ಅವಳಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಎಡಗಿವಿ ಪೂರ್ತಿ ಕೇಳದಂತಾಯಿತು, ತಲೆ ತಿರುಗತೊಡಗಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಉಳಿದ ಬಲಗಿವಿಗೆ ಸಪ್ಪಳವೇ ನೋವಾಯಿತು. ಚಮಚೆ ಕೆಳಗೆ ಬಿದ್ದರೆ ಯಾರೋ ತಲೆಗೆ ಮೊಳೆ ಹೊಡೆದಂತೆ ಎರಡೂ ಕೈಯಿಂದ ತಲೆ ಹಿಡಿದು ಕೂತುಬಿಡುತ್ತಿದ್ದಳು. ಬೆಳಗಾವಿಯ ಡಾಕ್ಟರು ಔಷಧಿ ಕೊಟ್ಟರು. ಇದಕ್ಕೆ ತಾಳ್ಮೆ ಬೇಕು, ಗದ್ದಲದಿಂದ ದೂರ ಇಡಿ, ಆದರೆ ಪೂರ್ತಿ ನಿಶ್ಶಬ್ದವೂ ಒಳ್ಳೆಯದಲ್ಲ, ಮೆತ್ತಗಿನ ಸಪ್ಪಳಗಳ ರೂಢಿ ನಿಧಾನವಾಗಿ ಆಗಲಿ ಎಂದರು. ಮಡಿವಾಳೆಪ್ಪನ ಕಿವಿಗೆ ಅದರಲ್ಲಿ ಮೊದಲರ್ಧ ಮಾತ್ರ ಬಿತ್ತು.

ಆ ಮನೆಯನ್ನು ಅವನು ಹೇಗೆ ಸುಮ್ಮನಾಗಿಸಿದ ಎನ್ನುವುದನ್ನು ನೋಡಬೇಕಿತ್ತು. ಬಾಗಿಲ ಚೌಕಟ್ಟಿಗೆ ಹಳೆಯ ಟ್ಯೂಬಿನ ರಬ್ಬರು ಬಡಿದ. ಕುಕ್ಕರು ಮೇಲಟ್ಟಕ್ಕೆ ಹೋಯಿತು, ಬೋಗುಣಿಯಲ್ಲಿ ಬೇಳೆ ಬೇಯತೊಡಗಿತು. ಟಿವಿಯ ಮೇಲೆ ಬಟ್ಟೆ ಬಿತ್ತು. ರೊಟ್ಟಿಯನ್ನು ಎದುರು ಮನೆಯ ಶಟ್ಟೆವ್ವ ಮಾಡಿ ಕಳಿಸುತ್ತಿದ್ದಳು. ತರಕಾರಿ ಗಾಡಿಯವನಿಗೆ ಓಣಿಯ ತುದಿಯಲ್ಲೇ ಸ್ಪೀಕರು ಬಂದ್ ಮಾಡಲು ಹೇಳಿದರು, ಅವನೂ ಪಾಪ, ಒಪ್ಪಿದ. ಕೆಂಪು ಗಿಟಾರನ್ನು ಮಡಿವಾಳೆಪ್ಪ ಒಂದು ಹಳೆಯ ಕೌದಿಯಲ್ಲಿ ಸುತ್ತಿ ಕುಕ್ಕರಿನ ಪಕ್ಕ ಇಟ್ಟ. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟ. ಯಾರಿಗೆ ಎಂದು ನಾನು ಕೇಳಿದರೆ, ಬೇಕಾದವರಿಗೆ ಎಂದ. ಆಮೇಲೆ ಅವನ ಮುಂದೆ ನಾನು ಹಾಡಿನ ಮಾತು ತೆಗೆಯಲಿಲ್ಲ.

ರಾಜೇಶ್ವರಿ ಈಗ ರಾಮದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ವಾಚನಾಲಯದ ಹಿಂದಿನ ಮೆಟ್ಟಿಲ ಮೇಲೆ ಎಲೆಕ್ಟ್ರಿಕ್ ಗಿಟಾರು ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾರಿಸುತ್ತಿದ್ದುದನ್ನು ಇವಳು ನೋಡಿದಳು. ಪಕ್ಕದಲ್ಲಿ ನಿಂತರೂ ಏನೂ ಕೇಳಿಸುತ್ತಿರಲಿಲ್ಲವಂತೆ. ಗಿಟಾರಿನ ವಾಯರು ಸಿಗಿಸುವ ತೂತಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಚುಚ್ಚಿಕೊಂಡಿತ್ತು. ಅದೇ ಆಂಪ್ಲಿಫೈಯರು, ಹೆಡ್‌ಫೋನಿನ ವಾಯರು ಅದಕ್ಕೆ. ರಾಜೇಶ್ವರಿ ಅಂಥದ್ದೇ ಒಂದನ್ನು ಆನ್‌ಲೈನಿನಲ್ಲಿ ತರಿಸಿ, ಒಂದು ಒಳ್ಳೆಯ ಹೆಡ್‌ಫೋನಿನ ಜೊತೆ ತಂದು ಅಪ್ಪನ ಮುಂದಿಟ್ಟಳು. ಅವತ್ತು ರವಿವಾರ, ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

ಮಡಿವಾಳೆಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಆ ಮನೆಯಲ್ಲಿ ಎಲ್ಲರೂ ಮೆಲ್ಲಗೇ ಮಾತಾಡುವುದು ರೂಢಿ.

“ನಮ್ಮ ಪೆಟಗಿ ಎತ್ತಾಕ ಇಬ್ಬರು ಬೇಕಾಗತಿದ್ರು. ಇದು ಕಿಸೇದಾಗ ಹೋಗತೈತಿ,” ಎಂದ. “ಇದರಾಗ ಏನು ಕೇಳಸ್ತೈತಿ ಬಿಡ.”

“ಒಮ್ಮೆ ಹಚ್ಚಿ ನೋಡಪಾ,” ಎಂದಳು ಮಗಳು. “ಅವ್ವಗ ಏನೂ ಕೇಳಸೂದಿಲ್ಲ. ನಿನಗಷ್ಟ ಕೇಳತೈತಿ.”

ಅವನು ಅದನ್ನು ಕಿಟಕಿಯ ಮೇಲಿಟ್ಟು ಅಂಗಡಿಗೆ ಹೋದ. ಬಹಳ ದಿನ ಅದು ಅಲ್ಲೇ ಇತ್ತು. ಅದನ್ನು ಕಿಟಕಿಯಿಂದ ತೆಗೆದವಳು ಮಹಾನಂದಾ. ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಕೌದಿಯ ಗಂಟು ಹಾಸಿಗೆಯ ಮೇಲಿತ್ತು. ತಲೆ ತಿರುಗುವವಳು ಅಟ್ಟಕ್ಕೆ ಏಣಿ ಹತ್ತಿದ್ದಳೇ ಎಂದು ಅವನು ಅವಳ ಕೈಕಾಲು ನೋಡಿದ. ಅವಳು ಹತ್ತಿರಲಿಲ್ಲ, ಶಟ್ಟೆವ್ವನ ಕೈಯಿಂದ ಇಳಿಸಿದ್ದಳು. ಬೈಯಲು ಬಾಯಿ ತೆರೆದವನು ಗಂಟು ಬಿಚ್ಚತೊಡಗಿದ.

ತಂತಿಗಳು ತುಕ್ಕು ಹಿಡಿದಿದ್ದವು. ವಾಯರಿನ ತೂತು ಸಡಿಲಾಗಿತ್ತು. ಅದಕ್ಕೆ ಅಂಗಡಿಯಲ್ಲೇ ಬೆಸುಗೆ ಹಾಕಿದ. ಹೊಸ ತಂತಿಗಳ ಸೆಟ್ಟನ್ನು ನಾನು ಮಾಲು ತರಲು ಹುಬ್ಬಳ್ಳಿಗೆ ಹೋದಾಗ ತಂದುಕೊಟ್ಟೆ. ಡಬ್ಬಿಯನ್ನು ಫೋನಿನ ಚಾರ್ಜರಿಗೆ ಹಾಕಿ ತುಂಬಿಸಿಕೊಂಡು, ಹೆಡ್‌ಫೋನ್ ಕಿವಿಗೇರಿಸಿ, ಹೆದರುತ್ತ ಹೆದರುತ್ತ ಎಲ್ಲ ತಂತಿಗಳ ಮೇಲೆ ಒಮ್ಮೆ ಕೈಯಾಡಿಸಿದನಂತೆ. ಆ ಕ್ಷಣದಲ್ಲಿ ಏನಾಯಿತು ಎನ್ನುವುದನ್ನು ಅವನು ನನಗೆ ಆಮೇಲೆ ಹೇಳಿದ. ತಾನು ಮನೆಯ ಖೋಲಿಯಲ್ಲಿ ಇಲ್ಲ, ಕಿತ್ತೂರಿನ ಮಂಟಪದಲ್ಲಿ ಇದ್ದೇನೆ ಎನಿಸಿತಂತೆ. ಆ ಡಬ್ಬಿಯಲ್ಲಿ ದೊಡ್ಡ ಸಭಾಗೃಹದ ಮಾರ್ದನಿ ಕೊಡುವ ಒಂದು ಗುಂಡಿ ಇತ್ತು, ಅದು ಹೇಗೋ ಒತ್ತಿಕೊಂಡಿತ್ತು. ಅವನು ಗಾಬರಿಯಾಗಿ ತಂತಿಗಳ ಮೇಲೆ ಅಂಗೈ ಇಟ್ಟು ಹೆಂಡತಿಯ ಕಡೆ ನೋಡಿದ. ಅವಳು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ತಲೆ ಎತ್ತಿ, ಯಾಕೆ ನಿಲ್ಲಿಸಿದಿರಿ ಎಂದು ಕಣ್ಣಲ್ಲೇ ಕೇಳಿದಳು.

ಬೆರಳು ಮೆತ್ತಗಾಗಿದ್ದವು. ಮೊದಲ ವಾರ ತಂತಿ ಕೊಯ್ದು ತುದಿಗಳೆಲ್ಲ ಕೆಂಪಾದವು. ಕೈ ನೆನಪಿಟ್ಟಿದ್ದೇ ಬೇರೆ, ತಲೆ ನೆನಪಿಟ್ಟಿದ್ದೇ ಬೇರೆ. ಹಾಡಿನ ಆರಂಭ ಬರುತ್ತಿತ್ತು, ನಡುವೆ ಎಲ್ಲೋ ದಾರಿ ತಪ್ಪುತ್ತಿತ್ತು. ಅಂಗಡಿಯನ್ನು ಮಧ್ಯಾಹ್ನ ಮುಚ್ಚುವ ಹೊತ್ತು ಸ್ವಲ್ಪ ಸ್ವಲ್ಪವಾಗಿ ಉದ್ದವಾಗತೊಡಗಿತು. ಮೋಟರ್ ತಂದ ರೈತರು ಬಾಗಿಲ ಮುಂದೆ ಕೂತು ಕಾಯುತ್ತಿದ್ದರು. ಎಲ್ಲಿಗೆ ಹೋಗಿದ್ದಾನೆ ಎಂದು ನನ್ನ ಅಂಗಡಿಗೆ ಬಂದು ಕೇಳಿದರೆ, ಅವನಿಗೆ ಮನೆಯಲ್ಲಿ ಒಂದು ಕೆಲಸ ಇದೆ ಎನ್ನುತ್ತಿದ್ದೆ.

ನಾನು ಮೊದಲು ಆ ನೋಟ ಕಂಡದ್ದು ಅಂಥ ಒಂದು ಮಧ್ಯಾಹ್ನ. ಬಾಗಿಲು ತಟ್ಟುವ ಪದ್ಧತಿ ಅಲ್ಲಿ ಇರಲಿಲ್ಲ, ಮೆಲ್ಲಗೆ ದೂಡಿ ಒಳಗೆ ಹೋದೆ. ಮಡಿವಾಳೆಪ್ಪ ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ಕೂತಿದ್ದಾನೆ, ಕಿವಿಯ ಮೇಲೆ ಕಪ್ಪು ಹೆಡ್‌ಫೋನ್, ಬೆರಳುಗಳು ಓಡುತ್ತಿವೆ. ಖೋಲಿಯಲ್ಲಿ ತಂತಿಗೆ ಉಗುರು ತಾಗುವ ಚಿಟಿಕೆ ಸದ್ದು ಬಿಟ್ಟರೆ ಏನೂ ಇಲ್ಲ. ಎದುರಿಗೆ ಮಹಾನಂದಾ, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ಸೂಜಿ ನಿಂತಿತ್ತು, ಅವಳು ಗಂಡನ ಕೈ ನೋಡುತ್ತಿದ್ದಳು. ಹಾಡು ಮುಗಿದಿರಬೇಕು, ಅವನು ಹೆಡ್‌ಫೋನ್ ಸರಿಸಿ ನನಗೆ ಬಾ ಎಂದು ಕೈ ಮಾಡಿದ. ಆಗ ಅವಳು ಕೇಳಿದಳು:

“ಇದು ನಮ್ಮ ಸಿರಸಂಗ್ಯಾಗ ಬಾರಿಸಿದ್ದಲ್ರಿ? ನಮ್ಮ ದೊಡ್ಡಪ್ಪನ ಮಗಳ ಲಗ್ನದಾಗ.”

ಮಡಿವಾಳೆಪ್ಪ ಹೌದೆಂದು ತಲೆಯಾಡಿಸಿದ. ಆಮೇಲೆ ಅವನ ಮುಖ ಬದಲಾಯಿತು.

“ನಿನಗ ಕೇಳಿಸ್ತೇನು?”

“ಇಲ್ರಿ. ಬೆರಳು ನೋಡಿದ್ನಿ.”

ಆಮೇಲೆ ಅವಳು ಹೇಳಿದ್ದನ್ನು ನಾವಿಬ್ಬರೂ ಕೂತು ಕೇಳಿದೆವು. ಆ ಲಗ್ನದಲ್ಲಿ ಅವಳು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳಂತೆ. ಹಿಂದೆ ನಿಂತ ಈ ಗಿಟಾರಿನವನನ್ನು ನೋಡಬೇಕೆನಿಸಿತು. ಮುಖ ನೋಡಲು ನಾಚಿಕೆ, ಅಕ್ಕಪಕ್ಕದವರು ಏನೆಂದಾರು ಎಂಬ ಹೆದರಿಕೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೂ ಅವನ ಎಡಗೈ ಬೆರಳುಗಳನ್ನಷ್ಟೇ ನೋಡಿದಳು. ಮುಂದೆ ಯಾವುದೋ ವರ್ಷ ಹಿರಿಯರು ಸಂಗೊಳ್ಳಿಯ ವರ ಎಂದು ಫೋಟೋ ತಂದಾಗ ಅವಳಿಗೆ ಗುರುತು ಸಿಗಲಿಲ್ಲ. ಅವನು ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಾನೆ ಎಂದು ಯಾರೋ ಅಂದರು. ಅವಳು ಆಗ ಹೂಂ ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಮಡಿವಾಳೆಪ್ಪ ಗಿಟಾರಿನ ಮೇಲೆ ಗದ್ದ ಇಟ್ಟುಕೊಂಡು ಕೂತುಬಿಟ್ಟ. ನಾನು ಅಂಗಡಿಯ ನೆಪ ಹೇಳಿ ಎದ್ದೆ.

ಅಂದಿನಿಂದ ಅದು ಅವರಿಬ್ಬರ ಆಟವಾಯಿತು. ಅವನು ಬಾರಿಸುವುದು, ಅವಳು ಬೆರಳು ನೋಡಿ ಯಾವ ಹಾಡು ಎಂದು ಹೇಳುವುದು. ಕೆಲವು ಸಲ ಅವನು ತಪ್ಪಿದ್ದೂ ಅವಳಿಗೆ ಗೊತ್ತಾಗುತ್ತಿತ್ತು. ಹೀಗೆ ಮಳೆಗಾಲ ಕಳೆಯಿತು. ದಸರೆಯ ಹೊತ್ತಿಗೆ ಅವಳು ಹೆಡ್‌ಫೋನ್ ತನಗೆ ಕೊಡಿ ಎಂದಳು.

ಅವನು ಒಪ್ಪಲಿಲ್ಲ. ಮತ್ತೆ ತಲೆ ಹಿಡಿದುಕೊಂಡು ಕೂತರೆ ಯಾರು ನೋಡುವವರು ಎಂದು ಮಗಳಿಗೆ ಫೋನು ಮಾಡಿದ. ರಾಜೇಶ್ವರಿ ಬೆಳಗಾವಿಯ ಡಾಕ್ಟರನ್ನು ಕೇಳಿದಳು. ಮೊದಲೇ ಹೇಳಿದ್ದೆನಲ್ಲ, ಎಷ್ಟು ಸಣ್ಣದಾಗಿ ಸಾಧ್ಯವೋ ಅಷ್ಟು ಸಣ್ಣದಾಗಿ, ಅವರಿಗೆ ಹಿತವಾದದ್ದನ್ನು ಕೇಳಿಸಿ ಎಂದರಂತೆ ಅವರು. ಮಡಿವಾಳೆಪ್ಪನಿಗೆ ಆ ಸಲಹೆಯ ಉಳಿದರ್ಧ ಸಿಕ್ಕಿದ್ದು ಆಗ.

ಮೊದಲ ದಿನ ಹೆಡ್‌ಫೋನು ಅವಳ ತೊಡೆಯ ಮೇಲೆಯೇ ಇತ್ತು. ಇನ್ನೊಂದು ದಿನ ಹೆಗಲ ಮೇಲೆ. ಡಬ್ಬಿಯ ಪಕ್ಕದಲ್ಲಿದ್ದ ಸಣ್ಣ ಚಕ್ರವನ್ನು ಮಡಿವಾಳೆಪ್ಪ ಕೂದಲೆಳೆಯಷ್ಟೇ ತಿರುಗಿಸುತ್ತಿದ್ದ. ಅವಳು ಒಂದು ಬೆರಳೆತ್ತಿದರೆ ಸಾಕು, ಅಲ್ಲಿಗೆ ನಿಲ್ಲಿಸುತ್ತಿದ್ದ. ಬಲಗಿವಿಗೆ ಅದನ್ನು ಹಾಕಿಕೊಂಡ ದಿನ ರಾಜೇಶ್ವರಿಯೂ ಇದ್ದಳು. ಈಗ ಖೋಲಿಯಲ್ಲಿ ಕೇಳುವವಳು ಮಹಾನಂದಾ ಒಬ್ಬಳೇ. ಬಾರಿಸುವವನಿಗೇ ಏನೂ ಕೇಳಿಸದು. ಅವನು ತನ್ನ ಬೆರಳನ್ನು ನಂಬಿ ಬಾರಿಸಬೇಕು. ಒಂದು ಚರಣವಾಗುವಷ್ಟರಲ್ಲಿ ಅವಳು ಅದನ್ನು ತೆಗೆದು ಹಾಸಿಗೆಯ ಮೇಲಿಟ್ಟಳು. ಅಪ್ಪ ಮಗಳು ಇಬ್ಬರೂ ಗಾಬರಿಯಾದರು.

“ನೋವಾತೇನು?” ಎಂದ ಮಡಿವಾಳೆಪ್ಪ.

“ಇಲ್ರಿ,” ಎಂದಳು. ಕಣ್ಣು ಒರೆಸಿಕೊಂಡಳು. “ಭಾಳ ದಿನದ ಮ್ಯಾಲೆ ಕೇಳಿದ್ನಿ. ಇವತ್ತಿಗಿಷ್ಟ ಸಾಕು. ನಾಳಿ ಮತ್ತ ಬಾರಸ್ರಿ.”

ಅವಳ ಕಾಯಿಲೆ ಹೋಯಿತು ಎಂದು ನಾನು ಹೇಳುವುದಿಲ್ಲ. ಎಡಗಿವಿ ಬರಲಿಲ್ಲ, ಬರುವುದೂ ಇಲ್ಲ. ಲಾರಿಯ ಹಾರ್ನಿಗೆ ಈಗಲೂ ಅವಳು ಮುಖ ಕಿವುಚುತ್ತಾಳೆ. ಆದರೆ ಬೇಡದ ಸಪ್ಪಳಗಳ ಜೊತೆ ಬೇಕಾದದ್ದೊಂದು ಅವಳ ದಿನದಲ್ಲಿ ಬಂದಿತ್ತು. ಮನೆಯಲ್ಲಿ ಮಾತಿನ ದನಿ ಸ್ವಲ್ಪ ಎದ್ದಿತು. ಒಂದು ದಿನ ಮಡಿವಾಳೆಪ್ಪ ಏನೋ ಹೇಳಿ ನಕ್ಕದ್ದು ಕಟ್ಟೆಗೆ ಕೇಳಿಸಿತು ಎಂದು ಶಟ್ಟೆವ್ವ ನನಗೆ ಬಂದು ಹೇಳಿದಳು.

ಚಳಿಗಾಲದಲ್ಲಿ ಸಂಗೊಳ್ಳಿಯ ತಮ್ಮ ಸೀತನಿಗೆ ಕರೆದ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಬಡಿದು, ಬೆಲ್ಲ, ಶೇಂಗಾ ಚಟ್ನಿಪುಡಿ ಹಚ್ಚಿ ತಿನ್ನುವುದು. ನನ್ನನ್ನೂ ಕರೆದಿದ್ದರು. ಸವದತ್ತಿಯಿಂದ ಲಕ್ಷ್ಮಣ ಬಂದ. ಅವನಿಗೆ ನೆತ್ತಿ ಬೋಳಾಗಿ, ಹಲ್ಲಿನ ಸೆಟ್ಟು ಬಂದಿತ್ತು. ನಾನೂ ಅವನೂ ಒಬ್ಬರನ್ನೊಬ್ಬರು ನೋಡಿ ಯಾರು ಹೆಚ್ಚು ಮುದುಕರಾಗಿದ್ದಾರೆ ಎಂದು ಸ್ವಲ್ಪ ಹೊತ್ತು ಜಗಳವಾಡಿದೆವು. ಮಡಿವಾಳೆಪ್ಪ ಗಿಟಾರು ತಂದಿದ್ದ. ಲಕ್ಷ್ಮಣ ಹೆಡ್‌ಫೋನ್ ಹಾಕಿಕೊಂಡು ಒಂದು ಹಾಡು ಕೇಳಿದ. ಕೇಳುತ್ತ ಕೇಳುತ್ತ ಅವನಿಗೆ ತಡೆಯಲಾಗಲಿಲ್ಲ, ಹಾಡಲು ಬಾಯಿ ತೆರೆದವನು ಮಹಾನಂದಾಳ ಕಡೆ ನೋಡಿ ಬಾಯಿ ಮುಚ್ಚಿದ.

ಅವಳು ಎದ್ದು ಬದುವಿನ ಮೇಲೆ ನಡೆಯತೊಡಗಿದಳು. ಏನು ತಪ್ಪಾಯಿತೋ ಎಂದು ನಾವು ನೋಡುತ್ತಿದ್ದೆವು. ಬನ್ನಿ ಗಿಡದವರೆಗೆ ಹೋಗಿ, ನೆರಳಿನಲ್ಲಿ ಕೂತು, ನಮ್ಮ ಕಡೆ ಕೈ ಎತ್ತಿ ಶುರು ಮಾಡಿ ಎಂದು ಸನ್ನೆ ಮಾಡಿದಳು. ರಾಜೇಶ್ವರಿ ತನ್ನ ಚೀಲದಲ್ಲಿದ್ದ ಸಣ್ಣ ಸ್ಪೀಕರನ್ನು ಆ ಡಬ್ಬಿಗೆ ಜೋಡಿಸಿದಳು. ಲಕ್ಷ್ಮಣ ಹಾಡಿದ. ದನಿ ಮೊದಲಿನ ಎತ್ತರಕ್ಕೆ ಹೋಗುತ್ತಿರಲಿಲ್ಲ, ಹೋಗಬೇಕಾದಲ್ಲಿ ಅವನು ಬಾಗಿ ದಾಟಿಕೊಂಡ. ನಾನು ತೊಡೆಯ ಮೇಲೆಯೇ ಬೆರಳಲ್ಲಿ ತಾಳ ಹಾಕಿದೆ. ಚರಣದ ನಡುವೆ ಗಿಟಾರಿನ ಸರದಿ ಬಂದಾಗ ಲಕ್ಷ್ಮಣ ಹಿಂದೆ ಮಾಡುತ್ತಿದ್ದಂತೆಯೇ ಅತ್ತ ತಿರುಗಿ ನಿಂತ. ಗಾಳಿಗೆ ಜೋಳದ ಎಲೆಗಳು ಸರಸರ ಎನ್ನುತ್ತಿದ್ದವು. ಮಹಾನಂದಾ ಎರಡನೆಯ ಹಾಡಿಗೆ ಗಿಡದ ನೆರಳು ಬಿಟ್ಟು ಸ್ವಲ್ಪ ಇತ್ತ ಬಂದು ಕೂತಳು. ಮೂರನೆಯದಕ್ಕೆ ಬರಲಿಲ್ಲ. ಅವಳಿಗೆ ಅಷ್ಟು ದೂರ ಸರಿಹೋಗಿತ್ತು.

ಆ ಮೇಲೆ ಲಕ್ಷ್ಮಣ ಇನ್ನೊಮ್ಮೆ ಬರುತ್ತೇನೆ ಎಂದು ಹೋದ, ಇನ್ನೂ ಬಂದಿಲ್ಲ. ಮೊಣಕಾಲು ನೋವು ಎನ್ನುತ್ತಾನೆ. ಫೋನಿನಲ್ಲಿ ಮಾತಾಡುತ್ತಾನೆ.

ಈಗ ಮಡಿವಾಳೆಪ್ಪ ಆರ್ಕೆಸ್ಟ್ರಾದ ಹಾಡುಗಳನ್ನು ಬಾರಿಸುವುದು ಕಡಿಮೆ. ಮಹಾನಂದಾಳ ತಾಯಿ ಸಿರಸಂಗಿಯಲ್ಲಿ ಬೆಳಗಿನ ಜಾವ ಬೀಸುವಾಗ ಒಂದು ಪದ ಹಾಡುತ್ತಿದ್ದಳಂತೆ. ಕೂಸಾಗಿದ್ದಾಗ ಅದನ್ನು ಕೇಳುತ್ತ ತಾಯಿಯ ತೊಡೆಗೆ ಒರಗಿ ಮಲಗಿದ್ದು ಅವಳಿಗೆ ನೆನಪಿದೆ. ಅದನ್ನು ಅವಳು ತುಟಿಯಲ್ಲೇ ಗುನುಗುತ್ತಾಳೆ, ಇವನು ಹೆಡ್‌ಫೋನನ್ನು ಅರ್ಧ ಸರಿಸಿ ಅವಳ ಗುನುಗು ಕೇಳುತ್ತ, ತಂತಿಯ ಮೇಲೆ ಹುಡುಕುತ್ತಾನೆ. ಸಿಕ್ಕರೆ ಹೆಡ್‌ಫೋನು ಅವಳಿಗೆ ಕೊಡುತ್ತಾನೆ. ಅವಳು ಕೇಳಿ, ಹೌದು ಅಥವಾ ಅಲ್ಲ ಎನ್ನುತ್ತಾಳೆ. ಬಹಳ ಸಲ ಅಲ್ಲ ಎಂದೇ ಬರುತ್ತದೆ. ಬೀಸುಕಲ್ಲಿನ ಸುತ್ತಿಗೆ ಸರಿಯಾಗಿ ದನಿ ಎಲ್ಲಿ ಎಳೆಯಬೇಕು ಎನ್ನುವುದು ಗಿಟಾರಿನ ಮೇಲೆ ಸುಲಭಕ್ಕೆ ಕೂಡುತ್ತಿಲ್ಲ.

ಪದದ ಕೊನೆಯ ಸಾಲಿನ ಧಾಟಿ ಅವಳಿಗೇ ಮರೆತುಹೋಗಿದೆ. ರಾಮದುರ್ಗದ ಕಡೆಯ ಸಾಲಹಳ್ಳಿಯಲ್ಲಿ ಅವಳ ಚಿಗವ್ವ ರಾಚವ್ವ ಇದ್ದಾಳೆ, ಆಕೆಗೆ ಬರುತ್ತದೆ. ಫೋನಿನಲ್ಲಿ ಹಾಡು ಎಂದರೆ ಆಕೆ, ಹೊಲಕ್ಕೆ ಹೋಗುವ ಹೊತ್ತಿನಲ್ಲಿ ಎಂಥ ಹಾಡು, ಇಲ್ಲಿಗೇ ಬರ್ರಿ ಎಂದು ಇಟ್ಟುಬಿಟ್ಟಳಂತೆ. ಮೊನ್ನೆ ಸೋಮವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಗಂಡ ಹೆಂಡತಿ ಇಬ್ಬರೂ ರಾಮದುರ್ಗದ ಬಸ್ಸಿಗೆ ಹೊರಟಿದ್ದರು. ಅವಳ ಬಲಗಿವಿಯಲ್ಲಿ ಹತ್ತಿ, ಮೇಲೆ ಸೆರಗು. ಅವನ ಹೆಗಲಲ್ಲಿ ಗಿಟಾರು. ಮೋಟರ್ ಕೇಳಿಕೊಂಡು ಯಾರಾದರೂ ಬಂದರೆ ಬುಧವಾರ ಬರಲು ಹೇಳು ಎಂದು ನನಗೆ ಹೇಳಿ ಹೋದ.